ಒಂದು ಹಾಸಿಗೆ, ಒಂದು ದಿನ



ಯಾದಗಿರಿ ಜಿಲ್ಲೆಯ ಕೊಡೇಕಲ್ ಎಂದರೆ ಕೊಡೇಕಲ್ ಬಸವಣ್ಣನವರ ಊರು, ಕಾಲಜ್ಞಾನದ ಊರು. ಆ ಸೀಮೆಗೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದಿದೆ. ಆದರೂ ಅಲ್ಲಿನ ಹಳ್ಳಿಗಳಿಂದ ಹರೆಯದವರು ಬೆಂಗಳೂರು, ಮುಂಬಯಿಗೆ ಗುಳೆ ಹೋಗುವುದು ನಿಂತಿಲ್ಲ. ಹೋದವರ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಉಳಿಯುತ್ತಾಳೆ. ಕೈಕಾಲು ಆಡುವಷ್ಟು ದಿನ ನೆರೆಯವರ ರೊಟ್ಟಿಯಲ್ಲಿ ಹೇಗೋ ನಡೆಯುತ್ತದೆ. ಹಾಸಿಗೆ ಹಿಡಿದಳೆಂದರೆ ದೂರದಲ್ಲಿರುವ ಮಗ ಲೆಕ್ಕಕ್ಕೆ ಕೂರುತ್ತಾನೆ: ಕೂಲಿ ಬಿಟ್ಟು ಊರಿಗೆ ಹೋಗಲೇ? ಹೆಂಡತಿಯನ್ನು ಕಳಿಸಲೇ? ವೃದ್ಧಾಶ್ರಮಕ್ಕೆ ಸೇರಿಸಿದರೆ ತಿಂಗಳಿಗೆಷ್ಟು?

ಇಂಥ ಲೆಕ್ಕ ಹಾಕುವ ಮಗನನ್ನು ಕಟುಕನೆಂದು ಕರೆಯಬೇಡಿ. ಲೆಕ್ಕ ಪಾಪವಲ್ಲ. ನಾಲ್ಕನೆಯ ಕಟ್ಟಳೆಯನ್ನು ಪಾಲಿಸುವುದಕ್ಕೂ ದುಡ್ಡು ಬೇಕು. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40.

ಆಶ್ರಮ ನಡೆಸುವವರೂ ಲೆಕ್ಕ ಇಡಲೇಬೇಕು. ತಿಂಗಳ ಖರ್ಚನ್ನು ಹಾಸಿಗೆಗಳಿಗೂ ದಿನಗಳಿಗೂ ಹಂಚಿ, ಒಂದು ಹಾಸಿಗೆಗೆ ಒಂದು ದಿನಕ್ಕೆ ಇಷ್ಟು ಎಂದು ತೆಗೆಯುತ್ತಾರೆ. ದಾನದ ಹಣ ಪೋಲಾಗಬಾರದಲ್ಲ! ಆದರೆ ಈ ಅಂಕಿಗೊಂದು ಕೆಟ್ಟ ಚಾಳಿಯಿದೆ. ಎದ್ದೇಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆನ್ನುವುದು ಹಳೆಯ ಶುಶ್ರೂಷಾ ಪದ್ಧತಿ. ದಿನಕ್ಕೆ ಹನ್ನೆರಡು ಸಲವಾಯಿತು. ಹಾಗೆ ಮಾಡುವ ಆಶ್ರಮಕ್ಕೆ ರಾತ್ರಿ ಪಾಳಿಗೂ ಆಳು ಬೇಕು, ಖರ್ಚು ಏರುತ್ತದೆ. ಮಾಡದ ಆಶ್ರಮ ಅಗ್ಗವಾಗಿ ಕಾಣುತ್ತದೆ. ಅಲ್ಲಿ ಬೆನ್ನಹುಣ್ಣು ಎದ್ದಾಗ ಆ ಖರ್ಚು ಆಸ್ಪತ್ರೆಯ ಪುಸ್ತಕಕ್ಕೆ ಹೋಗುತ್ತದೆ, ನೋವಂತೂ ಯಾವ ಪುಸ್ತಕಕ್ಕೂ ಹೋಗುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1960ರ ದಶಕದಲ್ಲಿ ಒಂದು ಮಾತನ್ನು ತೋರಿಸಿಕೊಟ್ಟರು. ಕಾರ್ಖಾನೆಯ ಕೆಲಸ ಯಂತ್ರದಿಂದ ಚುರುಕಾಗುತ್ತದೆ, ನಾಲ್ವರು ವಾದಕರ ಸಂಗೀತ ಕಛೇರಿಗೆ ಮಾತ್ರ ಇಂದಿಗೂ ಅಷ್ಟೇ ಜನ, ಅಷ್ಟೇ ಹೊತ್ತು ಬೇಕು. ತುತ್ತು ತಿನ್ನಿಸುವುದೂ ಹಾಗೆಯೇ. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಹಲ್ಲಿಲ್ಲದ ಬಾಯಿ ನುಂಗಲು ಅರ್ಧ ಗಂಟೆ ಬೇಕಾದರೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿದರೆ ಅದು ಉಳಿತಾಯವಲ್ಲ, ಮುದುಕಿ ಅರ್ಧ ಹಸಿದಿರುತ್ತಾಳೆ, ಅಷ್ಟೇ.

ಇನ್ನು ಮನೆಯ ಲೆಕ್ಕ. ‘ಮನೆಯಲ್ಲಿ ನೋಡಿಕೊಂಡರೆ ಖರ್ಚೇ ಇಲ್ಲ’ ಎನ್ನುತ್ತೇವೆ. ಸೊಸೆ ರಾತ್ರಿ ನಾಲ್ಕು ಸಲ ಎದ್ದದ್ದಕ್ಕೆ ನಾವು ಬರೆದದ್ದು ಸೊನ್ನೆ. ಅವಳ ಬಿಟ್ಟುಹೋದ ಕೂಲಿಗೂ ಸೊನ್ನೆ, ಅವಳ ಸೊಂಟನೋವಿಗೂ ಸೊನ್ನೆ. (ಹೀಗೆ ಬರೆದವರು ಹೆಚ್ಚಾಗಿ ಗಂಡಸರೇ!) ಆ ಸೊನ್ನೆಯನ್ನು ಅಳಿಸಿದರೆ ಆಶ್ರಮ ಅಷ್ಟು ದುಬಾರಿಯಾಗಿ ಕಾಣದು, ತಾಯಿಯನ್ನು ಅಲ್ಲಿಗೆ ಸೇರಿಸಿದ ಮನೆಯೂ ಅಷ್ಟು ಪಾಪಿಯಾಗಿ ಕಾಣದು.

ಸಂತ ಲೂಕರ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಗಾಯಾಳುವಿನ ಪಕ್ಕದಲ್ಲೇ ಉಳಿದುಬಿಡಲಿಲ್ಲ, ಛತ್ರಕ್ಕೆ ಸೇರಿಸಿ ಆರೈಕೆ ಮಾಡಿ, ಮರುದಿನ ಪ್ರಯಾಣ ಮುಂದುವರಿಸಿದ. ಎರಡು ದಿನಾರಿ ಕೊಟ್ಟ; ಆ ಕಾಲಕ್ಕೆ ಅದು ಎರಡು ದಿನದ ಕೂಲಿ. ಹೆಚ್ಚಾದರೆ ಮರಳಿ ಬಂದಾಗ ಕೊಡುತ್ತೇನೆಂದ. ಲೆಕ್ಕ ಇಟ್ಟ, ಆದರೆ ಅದನ್ನು ಮುಚ್ಚಲಿಲ್ಲ. ಮರಳಿ ಬರುತ್ತೇನೆಂದೂ ಹೇಳಿದ.

1839ರಲ್ಲಿ ಫ್ರಾನ್ಸಿನ ಜಾನ್ ಜೂಗಾನ್ ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ಹೊತ್ತು ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು, ತಾನು ಅಟ್ಟದಲ್ಲಿ ಮಲಗಿದಳು. 2009ರಲ್ಲಿ ಸಂತಳೆಂದು ಘೋಷಿತಳಾದ ಆಕೆಯ ಧರ್ಮಭಗಿನಿಯರು ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಬಡ ವೃದ್ಧರನ್ನು ಸಲಹುತ್ತಾರೆ. ಬೇಡಿ ತಂದು ಸಾಕುವುದು ಅವರ ಸಭೆಯ ಮೊದಲಿನಿಂದ ಬಂದ ಪದ್ಧತಿ.

ನೀವು ನಿಮ್ಮವರಿಗಾಗಿ ಆಶ್ರಮ ಹುಡುಕುತ್ತಿದ್ದರೆ ತಿಂಗಳ ದರ ಕೇಳಿ, ನಾಚಬೇಡಿ. ಜೊತೆಗೆ ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಈ ವರ್ಷ ಎಷ್ಟು ಜನರಿಗೆ ಬೆನ್ನಹುಣ್ಣಾಯಿತು ಎಂದೂ ಕೇಳಿ. ನೋಡಲು ಹೋಗುವುದಾದರೆ ಊಟದ ಹೊತ್ತಿಗೇ ಹೋಗಿ. ತುತ್ತು ಇಡುವವರು ಕುಳಿತು ಇಡುತ್ತಿದ್ದಾರೋ, ನಿಂತೇ ಇಡುತ್ತಿದ್ದಾರೋ ನೋಡಿಕೊಂಡು ಬನ್ನಿ.