ಸತ್ತವರ ಬಳಿಯಲ್ಲಿಟ್ಟ ಮಡಕೆ

ನಮ್ಮಲ್ಲಿ ಯಾರಾದರೂ ಕರ್ತನಲ್ಲಿ ನಿದ್ರೆಹೋದಾಗ, ತಾಯಿಯು ಉಂಡ ತಟ್ಟೆಯನ್ನೋ ಕೂಸು ಹಿಡಿದಾಡಿದ ಬಟ್ಟಲನ್ನೋ ಮನೆಯವರು ಗುಟ್ಟಾಗಿ ಕುಣಿಯಲ್ಲಿಡುವದುಂಟು. ಹಿರಿಯರು ಅದನ್ನು ಕಂಡರೆ ಹಳೇ ಅಜ್ಞಾನವೆಂದು ಗದರಿಸಿ ತೆಗೆಯಿಸುವರು. ಇದು ನ್ಯಾಯವೋ ಎಂದು ವಿಚಾರಿಸೋಣ.

ಈ ಪದ್ಧತಿಯು ಬಹು ಪುರಾತನವಾದದ್ದು. ಐಗುಪ್ತದ ನಕಾದವೆಂಬ ಸ್ಥಳದಲ್ಲಿ ಪೆಟ್ರಿ ಎಂಬ ಪಂಡಿತರು 1895ರಲ್ಲಿ ಅಗೆಯಿಸಿದ ಸಮಾಧಿಗಳೊಳಗೆ, ಫರೋಹರಿಗಿಂತಲೂ ಮುಂಚಿನ ಜನರು ಇಟ್ಟ ಮಡಕೆಗಳು ದೊರೆತವು. ಕೆಲವುಗಳ ಮೇಲೆ ಕೆಂಪು ಬಣ್ಣದಿಂದ ದೋಣಿಗಳನ್ನೂ ಮನುಷ್ಯರನ್ನೂ ಬರೆದಿದ್ದಾರೆ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ದಾವಣಗೆರೆಯು 1997ರ ವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವ್ಹೀಲರ್ ಎಂಬವರು 1947ರಲ್ಲಿ ಅಗೆಯಿಸಲಾಗಿ, ಕಲ್ಲುಚಪ್ಪಡಿಗಳ ಪೆಟ್ಟಿಗೆಯಂಥಾ ಗೋರಿಗಳಲ್ಲಿ ಎಲುಬುಗಳ ಸಂಗಡ ಕಬ್ಬಿಣದ ಆಯುಧಗಳೂ ಮಡಕೆಗಳೂ ಸಿಕ್ಕಿದವು. ಹರಿಹರದಿಂದ ತುಂಗಭದ್ರೆಯ ಮೇಲ್ಗಡೆಯಲ್ಲಿರುವ ಹಳ್ಳೂರಲ್ಲಿಯೂ 1965ರಲ್ಲಿ ನಾಗರಾಜರಾಯರು ಅದೇ ಬಗೆಯ ಕಪ್ಪು-ಕೆಂಪು ಮಡಕೆಗಳನ್ನು ಕಂಡರು. ಇವುಗಳಲ್ಲಿ ಹೆಚ್ಚಿನವುಗಳ ಮೇಲೆ ಚಿತ್ರವಿಲ್ಲ. ಬೆಂಕಿಯೇ ಅಲಂಕಾರ ಮಾಡಿದೆ. ಉಜ್ಜಿ ಮೆರಗು ಕೊಟ್ಟು ಬೋರಲಾಗಿಟ್ಟು ಸುಟ್ಟದ್ದರಿಂದ ಗಾಳಿ ತಾಕದ ಒಳಮೈಯೂ ಬಾಯಿಯೂ ಕಪ್ಪು, ಗಾಳಿ ತಾಕಿದ ಹೊರಮೈ ಕೆಂಪು. ಕೆಲವುಗಳ ಮೇಲೆ ಸುಟ್ಟ ತರುವಾಯ ಗೀರಿದ ಗುರುತುಗಳುಂಟು. ಬ್ರಹ್ಮಗಿರಿಯ ಇನ್ನೂ ಹಳೇ ಪದರದಲ್ಲಿ ಶಿಶುಗಳನ್ನು ಗಡಿಗೆಯೊಳಗಿಟ್ಟೇ ಹೂಣಿಟ್ಟಿದ್ದರು. ಆ ಗಡಿಗೆಯನ್ನು ನೆನೆದಾಗ ಅಜ್ಞಾನವೆಂಬ ಮಾತು ನಮ್ಮ ಬಾಯಿಗೆ ಬರುವದಿಲ್ಲ.

ಸತ್ತವರು ಹಸಿದು ತಿರಿಗಿ ಬಂದಾರೆಂಬ ಭಯದಿಂದ ತಟ್ಟೆಯನ್ನಿಟ್ಟರೆ, ಅದು ನಿರೀಕ್ಷೆಯಿಲ್ಲದವರ ಕೆಲಸವೇ ಸರಿ. ಆದರೆ ಅದೇ ತಟ್ಟೆಯನ್ನು ಬರೀ ಪ್ರೀತಿಯಿಂದಲೂ ಇಡಬಹುದು. ಕುಣಿಯ ಬಳಿಯಲ್ಲಿ ನಿಂತವನಿಗೆ ಈ ಭೇದವು ಹೇಗೆ ತಿಳಿದೀತು? ಬೇಥಾನ್ಯದಲ್ಲಿ ಒಬ್ಬ ಸ್ತ್ರೀಯು ಸುಗಂಧತೈಲದ ಭರಣಿಯನ್ನು ಒಡೆದಾಗ, ಹತ್ತಿರವಿದ್ದವರು ಅದನ್ನು ವ್ಯರ್ಥವೆಂದು ಗೊಣಗಿದರು. ಕರ್ತನಾದರೋ ಅದು ತನ್ನ ಹೂಣಿಡುವಿಕೆಗಾಗಿ ಆದದ್ದೆಂದು ಹೇಳಿ ಆಕೆಯ ಪಕ್ಷ ಹಿಡಿದನು. ಆ ತೈಲವು ಬಡವರಿಗೆ ಉಪಯೋಗವಾಗಬಹುದಾಗಿತ್ತೆಂಬದು ಸುಳ್ಳಲ್ಲ. ಆದರೂ ಆತನು ಆಕೆಯ ಕೈಯನ್ನು ತಡೆಯಲಿಲ್ಲ.

ನಮಗೆ ತೋರುವದೇನಂದರೆ, ಒಂದು ಬಟ್ಟಲಿಗಿಂತಲೂ ಸಾಲ ಮಾಡಿ ಊರಿಗೆಲ್ಲಾ ಊಟ ಹಾಕುವದೇ ಹೆಚ್ಚು ಕೇಡಿನದು; ಅದನ್ನು ಗದರಿಸುವ ಹಿರಿಯರು ಮಾತ್ರ ವಿರಳ! ಕುಣಿಯೊಳಗಿಟ್ಟದ್ದನ್ನು ಜನರ ಮುಂದೆ ತೆಗೆಯಿಸಬಾರದು. ನಾಲ್ಕು ದಿನ ಕಳೆದ ಮೇಲೆ ಹಿರಿಯರು ಆ ಮನೆಯ ಜಗಲಿಯ ಮೇಲೆ ಕೂತು, ಅಮ್ಮಾ, ಯಾಕೆ ಇಟ್ಟಿ ಎಂದು ಮೆಲ್ಲಗೆ ಕೇಳಲಿ. ಆಕೆಯು ಭಯವೆಂದು ಹೇಳಿದರೆ ಪುನರುತ್ಥಾನದ ಮಾತನ್ನು ಆಗಲೇ ಹೇಳತಕ್ಕದ್ದು. ಮಗುವಿನ ಬಟ್ಟಲನ್ನು ಬೇರೆಯವರು ಉಪಯೋಗಿಸುವದನ್ನು ನೋಡಲಾರದೆ ಇಟ್ಟೆನೆಂದರೆ, ಆಕೆಯ ಸಂಗಡ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಲಿ.