ಗುಜರಿಯ ಬೆಲೆ, ಬಲ್ಲವನ ಮೌನ

ಹಳೆಯ ಕಾರು ಮಾರುವವನು ತುಕ್ಕು ಹಿಡಿದ ತಗಡಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಏನೂ ತಿಳಿಯದವನಂತೆ ಸುಮ್ಮನಿದ್ದರೆ ನಾವು ಅವನನ್ನು ಮೋಸಗಾರ ಎನ್ನುತ್ತೇವೆ. ಅದೇ ಕಾರಿನ ನಿಜವಾದ ಬೆಲೆ ಬಲ್ಲವನೊಬ್ಬ ಬಂದು, ಏನೂ ತಿಳಿಯದವನಂತೆ ಸುಮ್ಮನಿದ್ದು, ಗುಜರಿಯ ದರಕ್ಕೆ ಎತ್ತಿಕೊಂಡು ಹೋದರೆ? ಅವನನ್ನು ಜಾಣ ಎನ್ನುತ್ತೇವೆ. ಇಬ್ಬರೂ ಎದುರಿನವರ ಅಜ್ಞಾನವನ್ನು ಹಣವಾಗಿ ಪರಿವರ್ತಿಸಿಕೊಂಡವರೇ. ಆದರೂ ಒಬ್ಬನಿಗೆ ಬೈಗುಳ, ಇನ್ನೊಬ್ಬನಿಗೆ ಶಹಬ್ಬಾಸ್. ಈ ತಾರತಮ್ಯ ಸರಿಯೇ?

ಹಳೆಯ ವಾಹನಗಳ ಖರೀದಿ ಇಂದು ಶ್ರೀಮಂತರ ಹವ್ಯಾಸ ಮಾತ್ರವಲ್ಲ, ದೊಡ್ಡ ವ್ಯಾಪಾರವೂ ಹೌದು. 1966ರಲ್ಲಿ ಇಟಲಿಯ ಎರಡು ತೆರೆದ ಕಾರುಗಳು ಬೆಳಕಿಗೆ ಬಂದವು: ಆಲ್ಫಾ ರೋಮಿಯೋ ಸ್ಪೈಡರ್ ಮತ್ತು ಫಿಯೆಟ್ 124 ಸ್ಪೈಡರ್. ಎರಡರ ಮೈಕಟ್ಟನ್ನೂ ರೂಪಿಸಿದ್ದು ಟ್ಯೂರಿನ್ ನಗರದ ಪಿನಿನ್‌ಫರೀನಾ ಸಂಸ್ಥೆ. ಮೇಲಿನ ಹೊದಿಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ಅಂಥ ಕಾರುಗಳನ್ನು ಇಂದಿಗೂ ಯುರೋಪು, ಅಮೆರಿಕಗಳಲ್ಲಿ ಹುಡುಕಿ ಹುಡುಕಿ ಕೊಳ್ಳುತ್ತಾರೆ. ನಮ್ಮ ಕರಾವಳಿಗೆ ಬಂದದ್ದು ಅವುಗಳ ಬಡ ಸಂಬಂಧಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಪರವಾನಗಿ ಪಡೆದು ತಯಾರಿಸಿದ ಫಿಯೆಟ್ 1100. ಅದೇ ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರಿಗೆ ಫಿಯೆಟ್ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿ. 2023ರ ಅಕ್ಟೋಬರ್ ಕೊನೆಗೆ ಆ ಪದ್ಮಿನಿ ಟ್ಯಾಕ್ಸಿಯೂ ಮುಂಬಯಿಯ ರಸ್ತೆಯಿಂದ ಮರೆಯಾಯಿತು.

ಈ ಒಂದು ಕಾರಿನ ಬೆಲೆಯ ಏರಿಳಿತ ನೋಡಿ. ಪರ್ಮಿಟ್-ಲೈಸೆನ್ಸುಗಳ ಕಾಲದಲ್ಲಿ ಹೊಸ ಫಿಯೆಟ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ಓಡಿದ ಕಾರಿಗೇ ಹೆಚ್ಚು ಹಣ ಕೊಡಲೂ ಸಿದ್ಧರಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಿಧಾನವಾಗಿ ಅದು ಯಾರಿಗೂ ಬೇಡವಾಗಿ, ಕೊಟ್ಟಿಗೆಯ ಮೂಲೆ ಸೇರಿತು. ಈಗ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಕಬ್ಬಿಣ ಅದೇ, ಎಂಜಿನ್ ಅದೇ. ಬದಲಾದದ್ದು ಜನರ ಬಯಕೆ. ಬೆಲೆ ಎಂಬುದು ವಸ್ತುವಿನೊಳಗೆ ಕೂತಿಲ್ಲ, ಬೇಕೆನ್ನುವವರ ಮನಸ್ಸಿನಲ್ಲಿದೆ. ಆದ್ದರಿಂದಲೇ ಅದು ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು ಸಾಧ್ಯ.

ಹಳೆಯ ಕಾರಿಗೆ ಬೆಲೆ ಕಟ್ಟುವುದು ಒಂದು ವಿದ್ಯೆಯೇ ಸರಿ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ತೆರೆದ ಕಾರಿಗೆ ಇದಕ್ಕಿಂತ ಚೆಂದದ ದಾರಿ ಬೇಕೇ ಎನ್ನಿಸಬಹುದು. ಆದರೆ ಅಲ್ಲಿಯ ಉಪ್ಪುಗಾಳಿಯೇ ತಗಡಿನ ಶತ್ರು. ಸಾಧಾರಣ ಕಾರಿನಲ್ಲಿ ಮೇಲಿನ ಛಾವಣಿಯೂ ಭಾರ ಹೊರುತ್ತದೆ. ತೆರೆದ ಕಾರಿನಲ್ಲಿ ಆ ಬಲವೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗಿನ ಪಟ್ಟಿಯಲ್ಲೇ ಇರಬೇಕು. ಅಲ್ಲಿ ತುಕ್ಕು ತಿಂದರೆ ಇಡೀ ಗಾಡಿ ನಡುವಿನಲ್ಲಿ ಜಗ್ಗುತ್ತದೆ. ಬಲ್ಲವನು ಮೊದಲು ನೋಡುವುದು ಬಣ್ಣದ ಹೊಳಪನ್ನಲ್ಲ. ಬಾಗಿಲು ಹಾಕಿದಾಗ ಅಂಚಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲವಿದೆಯೇ ಎಂಬುದನ್ನು. ಮತ್ತೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಪುಟ್ಟಿ ಎಲ್ಲಿದೆಯೆಂದು ಪತ್ತೆ ಮಾಡುತ್ತಾನೆ. ಚಾಸಿಸ್ ಮತ್ತು ಎಂಜಿನ್ ನಂಬರುಗಳು ಆರ್.ಸಿ. ಪುಸ್ತಕಕ್ಕೆ ಹೊಂದುತ್ತವೆಯೇ ಎಂದು ತಾಳೆ ನೋಡುತ್ತಾನೆ. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹಾಗಾಗಿ ಹಳೆಯ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಕಾಗದಕ್ಕೂ ಈಗ ಬೆಲೆಯಿದೆ.

ಇನ್ನು ಒಂದು ಸನ್ನಿವೇಶ ಊಹಿಸಿಕೊಳ್ಳೋಣ. ಬೈಂದೂರಿನ ಕಡೆಯ ಒಂದು ಮನೆ. ಗಂಡ ತೀರಿಹೋಗಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. ಟಾರ್ಪಾಲಿನಡಿ ಗಂಡನ ಫಿಯೆಟ್ ಇದೆ. ಒಬ್ಬ ಬಂದು, "ಹ್ವಾಯ್ ಅಕ್ಕ, ಇದನ್ನ್ ಇಟ್ಕಂಡ್ ಎಂತ ಮಾಡ್ತ್ರಿ?" ಎಂದು ಮಾತಿಗೆ ತೊಡಗುತ್ತಾನೆ. ಗುಜರಿಯವರು ಕೊಡುವುದಕ್ಕಿಂತ ಎರಡು ಸಾವಿರ ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. ಆಕೆ ಸಂತೋಷದಿಂದ ಒಪ್ಪುತ್ತಾರೆ, ಕುಡಿಯಲು ಚಹಾ ಕೊಡುತ್ತಾರೆ. ಆತ ಒಂದು ಸುಳ್ಳನ್ನೂ ಹೇಳಿಲ್ಲ. ತಪ್ಪು ಮಾಡಿದನೇ?

ಕಾನೂನು ಇಲ್ಲ ಎನ್ನುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ, ಮಾತಾಡಲೇಬೇಕಾದ ಕರ್ತವ್ಯ ಇಲ್ಲದಿದ್ದಲ್ಲಿ ಬರೀ ಮೌನ ವಂಚನೆಯಾಗುವುದಿಲ್ಲ. ಅಲ್ಲಿಯ ಒಂದು ಉದಾಹರಣೆ ನಮ್ಮ ಪ್ರಸಂಗಕ್ಕೆ ಹತ್ತಿರದ್ದು: ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬನಿಗೆ ದರ ಬದಲಾದ ಸುದ್ದಿ ಮೊದಲೇ ಗೊತ್ತಿದ್ದರೆ, ಅದನ್ನು ಇನ್ನೊಬ್ಬನಿಗೆ ತಿಳಿಸಬೇಕಾಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1817ರಲ್ಲಿ ಹೇಳಿದ್ದೂ ಇದನ್ನೇ. ನ್ಯೂ ಆರ್ಲಿಯನ್ಸ್‌ನಲ್ಲಿ ಒಬ್ಬ ವ್ಯಾಪಾರಿಗೆ ಯುದ್ಧ ಮುಗಿದ ಸುದ್ದಿ ಎಲ್ಲರಿಗಿಂತ ಮೊದಲು ಸಿಕ್ಕಿತು. ಅವನು ಬೆಳಗಾಗುವಷ್ಟರಲ್ಲಿ ಹಳೆಯ ದರಕ್ಕೆ ಹೊಗೆಸೊಪ್ಪು ಕೊಂಡ. ಸುದ್ದಿ ಹರಡಿದ ಕೂಡಲೇ ದರ ಏರಿತು. ಕೊಂಡವನು ತನಗೆ ತಿಳಿದದ್ದನ್ನು ಹೇಳಬೇಕಾಗಿರಲಿಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ಮಾರ್ಷಲ್.

ಆದರೆ ಕಾನೂನು ಬಿಟ್ಟುಕೊಟ್ಟ ಜಾಗದಲ್ಲೇ ನೀತಿಯ ಪ್ರಶ್ನೆ ಹುಟ್ಟುವುದು. ಮದೀನಾದ ಪೇಟೆಗೆ ಸಂಬಂಧಿಸಿದ ಎರಡು ಹದೀಸ್‌ಗಳನ್ನು ಇಲ್ಲಿ ನೆನೆಯಬಹುದು. ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿ(ಸ)ಯವರಿಗೆ ಒಳಗೆ ತೇವ ತಾಗಿತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು. ಇದು ಮಾರುವವನಿಗೆ ಹೇಳಿದ ಪಾಠ, ಬಹಳ ಮಂದಿಗೆ ಗೊತ್ತು. ಕೊಳ್ಳುವವನಿಗೆ ಹೇಳಿದ ಇನ್ನೊಂದು ಪಾಠ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಸರಕು ಹೊತ್ತು ಬರುವ ಕಾಫಿಲವನ್ನು ಊರ ಹೊರಗೇ ಎದುರುಗೊಂಡು, ಅವರಿಗೆ ಪೇಟೆಯ ದರ ತಿಳಿಯುವ ಮೊದಲೇ ಕೊಳ್ಳಬಾರದು ಎಂದು ಪ್ರವಾದಿ(ಸ) ತಡೆದರು. ಹಾಗೆ ಯಾರಾದರೂ ಕೊಂಡರೆ, ಪೇಟೆಗೆ ಬಂದು ದರ ತಿಳಿದ ಮೇಲೆ ಆ ವ್ಯಾಪಾರವನ್ನು ಮುರಿಯುವ ಹಕ್ಕು ಮಾರಿದವನಿಗಿದೆ. ಅಲ್ಲಿಯೂ ಸುಳ್ಳು ಹೇಳಿದ ಪ್ರಶ್ನೆಯಿಲ್ಲ. ದರ ತಿಳಿಯುವ ಅವಕಾಶವನ್ನೇ ತಪ್ಪಿಸಿದ್ದು ತಪ್ಪು.

ಈ ಮಾತು ನಮ್ಮ ಕರಾವಳಿಗೆ ಹೊಸದಾಗಿರಲಿಕ್ಕಿಲ್ಲ. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಈ ದಾರಿಯಲ್ಲಿ ಸಾಗುವಾಗ ಬಸ್ರೂರು, ಬಾರ್ಕೂರುಗಳನ್ನು ಹೆಸರಿಸಿದ್ದಾನೆ. ಕಡಲಾಚೆಯ ವರ್ತಕರು ಬಂದುಹೋಗುತ್ತಿದ್ದ ಬಂದರುಗಳವು. ಭಾಷೆ, ಧರ್ಮ, ದೇಶ ಎಲ್ಲ ಬೇರೆಯಾಗಿದ್ದ ಜನ ಅಲ್ಲಿ ತಲೆಮಾರುಗಳ ಕಾಲ ವ್ಯವಹರಿಸಿದ್ದು ನಂಬಿಕೆಯಿಲ್ಲದೆ ಆಗುವ ಮಾತಲ್ಲ.

ಇಲ್ಲಿ ಒಂದು ಆಕ್ಷೇಪವಿದೆ, ಅದು ಬಲವಾದದ್ದೇ. ಬಲ್ಲವನ ತಿಳುವಳಿಕೆ ಪುಕ್ಕಟೆ ಬಂದದ್ದಲ್ಲ. ಹತ್ತಾರು ವರ್ಷ ಗ್ಯಾರೇಜು ಸುತ್ತಿ, ಕೈಸುಟ್ಟುಕೊಂಡು ಕಲಿತದ್ದು. ಹಳ್ಳಿಹಳ್ಳಿ ಅಲೆದ ಶ್ರಮವಿದೆ. ಕೊಂಡ ಮೇಲೆ ಟಿಂಕರಿಂಗ್, ಬಣ್ಣ, ಸಿಗದ ಬಿಡಿಭಾಗಗಳ ಖರ್ಚಿದೆ. ನಷ್ಟವಾದರೆ ಅದೂ ಅವನದೇ. ಎಲ್ಲವನ್ನೂ ಹೇಳಲೇಬೇಕೆಂದರೆ ಹುಡುಕುವವರೇ ಇಲ್ಲವಾಗಿ, ಎಷ್ಟೋ ಒಳ್ಳೆಯ ಗಾಡಿಗಳು ನಿಜಕ್ಕೂ ಗುಜರಿ ಸೇರಬಹುದು.

ಈ ವಾದದಲ್ಲಿ ನ್ಯಾಯವಿದೆ. ಆದರೆ ಅದು ಸಮರ್ಥಿಸುವುದು ಶ್ರಮದ ಪ್ರತಿಫಲವನ್ನು. ಅದಕ್ಕೆ ಮೌನ ಬೇಕಾಗಿಲ್ಲ. "ಅಕ್ಕ, ಇದು ಗುಜರಿಯಲ್ಲ. ಸರಿಮಾಡಿದರೆ ಇಷ್ಟು ಬರಬಹುದು. ಖರ್ಚು ಇಷ್ಟು, ನನ್ನ ಲಾಭ ಇಷ್ಟು. ಬೇಕಾದರೆ ಮಕ್ಕಳನ್ನು ಕೇಳಿ, ಇನ್ನೊಬ್ಬರಿಗೂ ತೋರಿಸಿ" ಎಂದು ಹೇಳಿದ ಮೇಲೂ ಲಾಭಕ್ಕೆ ಜಾಗವಿದೆ. ಹೀಗೆ ಹೇಳಿದ ಮೇಲೆ ಉಳಿಯುವ ಲಾಭ ಅವನ ವಿದ್ಯೆಯದು, ಬೆವರಿನದು. ಹೇಳಿದರೆ ಯಾವ ಲಾಭ ಕರಗಿಹೋಗುತ್ತದೋ ಅದು ಆಕೆಯ ಅಜ್ಞಾನದಿಂದ ಕಿತ್ತುಕೊಂಡದ್ದು. ಇನ್ನು, ಗುಜರಿಯೆಂದು ನಂಬಿ ತೂಕಕ್ಕೆ ಕೊಂಡು ತೂಕಕ್ಕೆ ಮಾರುವ ಗುಜರಿ ವ್ಯಾಪಾರಿಯ ಮೇಲೆ ಈ ದೋಷವಿಲ್ಲ. ಅವನ ತಕ್ಕಡಿ ಎಲ್ಲರಿಗೂ ಕಾಣುವಂತಿದೆ. ದೋಷವಿರುವುದು ಗುಜರಿಯಲ್ಲವೆಂದು ತಿಳಿದೂ ಗುಜರಿಯೆಂಬಂತೆ ಕೊಂಡವನಲ್ಲಿ.

ಅದೇ 17ನೇ ಕಲಮಿನಲ್ಲಿ ಇನ್ನೊಂದು ಉದಾಹರಣೆಯಿದೆ. ಒಬ್ಬ ತನ್ನ ಕುದುರೆಯ ದೋಷ ಹೇಳದೆ ಅಪರಿಚಿತನಿಗೆ ಹರಾಜಿನಲ್ಲಿ ಮಾರಿದರೆ ವಂಚನೆಯಲ್ಲ. ಕೊಂಡವಳು ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ ಮಾತ್ರ, ದೋಷವನ್ನು ಹೇಳುವುದು ಅವನ ಕರ್ತವ್ಯ. ಸಂಬಂಧವೇ ಅಲ್ಲಿ ಮಾತನ್ನು ಕಡ್ಡಾಯ ಮಾಡುತ್ತದೆ. ನಮ್ಮೂರಿನ ವ್ಯವಹಾರಕ್ಕೆ ಈ ಉದಾಹರಣೆ ನೇರವಾಗಿ ತಾಗುತ್ತದೆ. ಆ ಮನೆಯ ಅಂಗಳಕ್ಕೆ ಅವನು ವ್ಯಾಪಾರಿಯಾಗಿ ಕಾಲಿಡಲಿಲ್ಲ. 'ಅಕ್ಕ' ಎಂದು ಕರೆದು ಒಳಗೆ ಬಂದ. ಆಕೆ ಟಾರ್ಪಾಲು ಸರಿಸಿದ್ದು, ಚಹಾ ಕೊಟ್ಟದ್ದು ಆ ಕರೆಗೆ ಓಗೊಟ್ಟು. ಬಾಗಿಲು ತೆರೆಯಲು ತಮ್ಮನಾಗಿ, ಬೆಲೆ ಕಟ್ಟಲು ಅಪರಿಚಿತನಾಗಿ ಇರುವುದು ಕಾನೂನಿಗೆ ಸಮ್ಮತವಾಗಬಹುದು. ಆ ಕರೆಗೆ ಸಮ್ಮತವಲ್ಲ.

ತೆರೆದ ಕಾರು ಹೊರಗಿನ ಹೊಳಪಿನಿಂದಲ್ಲ, ಕಣ್ಣಿಗೆ ಬೀಳದ ನೆಲದ ತಗಡಿನಿಂದ ನಿಲ್ಲುತ್ತದೆ. ವ್ಯಾಪಾರವೂ ಹಾಗೆಯೇ. ಕಾರು ಕೊಳ್ಳಲು ಬರುವವನಷ್ಟೇ ಅಲ್ಲ, ಹಳೆಯ ಮನೆಯ ಬಾಗಿಲು, ತೂಗುಮಂಚ, ತಾಮ್ರದ ಹಂಡೆ, ಗದ್ದೆಯ ತುಂಡು ಕೇಳಿಕೊಂಡು ಬರುವ ನಾವೆಲ್ಲರೂ ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಂದು ನಾವು ಕೊಡುತ್ತಿರುವ ಬೆಲೆಯ ಹಿಂದಿನ ಲೆಕ್ಕ ನಾಳೆ ಈ ಮನೆಯವರಿಗೆ ಪೂರ್ತಿ ತಿಳಿದರೆ, ಅವರು ನಮ್ಮನ್ನು ಮತ್ತೆ ಅಂಗಳಕ್ಕೆ ಕರೆದಾರೇ?