ಅರಿತ ದೋಷದ ಹೊಣೆ

ಅರಿಯದೆ ಮಾಡಿದ ತಪ್ಪು ಬೇರೆ, ಅರಿತು ಮಾಡಿದ ತಪ್ಪು ಬೇರೆ ಎಂಬುದನ್ನು ಎಲ್ಲರೂ ಒಪ್ಪುವರು. ಆದರೆ ದೋಷವನ್ನು ಚೆನ್ನಾಗಿ ಅರಿತು, ಅದನ್ನು ತೆಗೆಯದೆ, ಅದಕ್ಕೊಂದು ಉಪಾಯ ಹೂಡಿ ಮುನ್ನಡೆಯುವವನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು?

ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ 1997ನೆಯ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರಿಯಿಂದ ಒಬ್ಬನೇ ವಿಮಾನವೇರಿ, ಪೆಸಿಫಿಕ್ ಗ್ರೋವ್ ಬಳಿ ಕಡಲಿಗೆ ಬಿದ್ದು ಮಡಿದನು. ಅವನು ಹೊಸಬನಲ್ಲ, 2,700 ಗಂಟೆಗಳಿಗೂ ಮಿಕ್ಕು ಹಾರಿದ್ದವನು. ಆದರೆ ಈ ವಿಮಾನ ಅವನಿಗೆ ಹೊಸದು. ಬರ್ಟ್ ರುಟಾನನ ನಕ್ಷೆಯನ್ನು ಅನುಸರಿಸಿ ಹವ್ಯಾಸಿಯೊಬ್ಬನು ಕಟ್ಟಿದ್ದ 'ಲಾಂಗ್-ಈಜೀ' ಅದು.

ಇಂತಹ ವಿಮಾನದಲ್ಲಿ ಎಡಕ್ಕೊಂದು ಬಲಕ್ಕೊಂದು ಪೆಟ್ರೋಲ್ ಟ್ಯಾಂಕುಗಳಿದ್ದು, ಎಂಜಿನು ಒಮ್ಮೆಗೆ ಒಂದರಿಂದ ಮಾತ್ರ ಹೀರುತ್ತದೆ. ಅದು ಬರಿದಾದರೆ ಇನ್ನೊಂದರಲ್ಲಿ ಎಷ್ಟಿದ್ದರೂ ಎಂಜಿನು ನಿಲ್ಲುವುದು. ಚಾಲಕನೇ ಹಿಡಿಕೆ ತಿರುಗಿಸಿ ಟ್ಯಾಂಕನ್ನು ಬದಲಿಸಬೇಕು. ರುಟಾನನ ನಕ್ಷೆಯಲ್ಲಿ ಆ ಹಿಡಿಕೆ ಚಾಲಕನ ಕಾಲುಗಳ ನಡುವೆ ಇತ್ತು. ಪೆಟ್ರೋಲಿನ ನಳಿಗೆ ಚಾಲಕನ ಕೋಣೆಯೊಳಗೆ ಹಾಯಬಾರದೆಂದು ಕಟ್ಟಿದಾತನು ಅದನ್ನು ಎಡಹೆಗಲ ಹಿಂದಿನ ಗೋಡೆಗೆ ಒಯ್ದಿದ್ದನು. ಉದ್ದೇಶವನ್ನು ಕೆಟ್ಟದೆನ್ನಲಾಗದು. ಆದರೆ ಹಿಡಿಕೆಯನ್ನು ಮುಟ್ಟಬೇಕಾದರೆ ಚಾಲಕನು ಮೈ ತಿರುಚಿ ಹಿಂದಕ್ಕೆ ಬಾಗಬೇಕು. ಹಾಗೆ ತಿರುಗುವಾಗ ಬಲಗಾಲು ತಾನಾಗಿ ಚುಕ್ಕಾಣಿಯ ಮೆಟ್ಟನ್ನು ಒತ್ತುವುದು. ಪೆಟ್ರೋಲಿನ ಮಟ್ಟ ತೋರಿಸುವ ಗಾಜುಗಳೂ ಬೆನ್ನ ಹಿಂದೆಯೇ ಇದ್ದವು. ಅವುಗಳ ಮೇಲೆ ಅಳತೆಯ ಗುರುತಿರಲಿಲ್ಲ.

ಇದೆಲ್ಲ ಡೆನ್ವರನಿಗೆ ಗೊತ್ತಿತ್ತು. ಹಾರುವ ಮುನ್ನ ಅವನೂ ವಿಮಾನ ದುರಸ್ತಿಯವನೂ ಈ ಹಿಡಿಕೆಯ ವಿಚಾರವನ್ನೇ ಮಾತಾಡಿದರು. ಇಕ್ಕಳ ಸಿಕ್ಕಿಸಿ ಅದನ್ನು ಉದ್ದ ಮಾಡಲು ನೋಡಿದರು, ಎಟುಕಲಿಲ್ಲ. ಹಿಂದಿನ ಗಾಜು ಕಾಣಲೆಂದು ದುರಸ್ತಿಯವನು ಒಂದು ಕನ್ನಡಿ ಕೊಟ್ಟನು. ಪೆಟ್ರೋಲ್ ಹಾಕಲೇ ಎಂದರೆ, ಒಂದು ಗಂಟೆಯಷ್ಟೇ ಹಾರುವೆನು, ಬೇಡ ಎಂದನು. ಅಗತ್ಯ ಬಿದ್ದರೆ ಸ್ವಯಂಚಾಲಕ ಯಂತ್ರಕ್ಕೆ ವಿಮಾನವನ್ನು ಒಪ್ಪಿಸಿ ಹಿಡಿಕೆ ತಿರುಗಿಸುವುದು ಅವನ ಯೋಜನೆ.

ಆ ಕನ್ನಡಿಯೇ ನನ್ನನ್ನು ಕಾಡುವುದು. ಅದು ಪೆಟ್ರೋಲ್ ಎಷ್ಟಿದೆಯೆಂದು ತೋರಬಲ್ಲದು. ಹಿಡಿಕೆಯನ್ನು ಒಂದಂಗುಲವೂ ಹತ್ತಿರ ತಾರದು. ಆದರೂ ಏನೋ ವ್ಯವಸ್ಥೆಯಾಯಿತೆಂಬ ಸಮಾಧಾನವನ್ನು ಅದು ಕೊಟ್ಟಿರಬೇಕು. ಅವನನ್ನು ಕಾಯಬಹುದಾಗಿದ್ದ ಭಯ ಅಲ್ಲಿಯೇ ಅಡಗಿತೋ ಏನೋ! 'ಗೊತ್ತಾಯಿತೇ?' ಎಂದು ಕೇಳಿ, 'ಗೊತ್ತಾಯಿತು' ಎಂಬ ಉತ್ತರ ಬಂದೊಡನೆ ಪಾಠ ಮುಗಿಸುವ ನಾವು ಉಪಾಧ್ಯಾಯರು ಇದನ್ನು ಸ್ವಲ್ಪ ಯೋಚಿಸಬೇಕು. ಸ್ವಯಂಚಾಲಕ ಯಂತ್ರದ ಯೋಜನೆಗೂ ಎತ್ತರ ಬೇಕು, ವ್ಯವಧಾನ ಬೇಕು. ವಿಮಾನವಾದರೋ ಆಗ ನೀರಿನಿಂದ ಕೆಲವೇ ನೂರು ಅಡಿ ಮೇಲಿತ್ತು.

ತನಿಖೆ ಮಾಡಿದ ಸಾರಿಗೆ ಸುರಕ್ಷಾ ಮಂಡಳಿಯು, ಹಿಡಿಕೆಗೆ ಕೈಚಾಚುವಾಗ ಚಾಲಕನ ಗಮನ ಹಾರಾಟದಿಂದ ಸರಿದು, ಅರಿವಿಲ್ಲದೆ ಚುಕ್ಕಾಣಿ ಒತ್ತಿದ್ದನ್ನು ಮೊದಲ ಕಾರಣವೆಂದಿತು. ಪೆಟ್ರೋಲ್ ತುಂಬಿಸದಿದ್ದುದು, ಈ ಜಾತಿಯ ವಿಮಾನದಲ್ಲಿ ಸಾಲದಿದ್ದ ಅಭ್ಯಾಸ, ಕಟ್ಟಿದಾತನ ನಿರ್ಧಾರ, ಇವನ್ನೂ ಜೊತೆಗೆ ಎಣಿಸಿತು. ಕಟ್ಟಿದಾತನನ್ನು ಬಿಡದಿದ್ದುದು ನ್ಯಾಯವೇ. ಆದರೆ ಹಿಡಿಕೆಯ ಸ್ಥಾನ ಅಂದು ಮಧ್ಯಾಹ್ನ ಬದಲಾಗುವಂತಿರಲಿಲ್ಲ. ಪೆಟ್ರೋಲ್ ಹಾಕಲು ಕೆಲವು ನಿಮಿಷ ಸಾಕಾಗಿತ್ತು, ಹಾಕುವವನೂ ಎದುರಿಗೇ ನಿಂತಿದ್ದನು.